ಇನ್ನೂರ ಹದಿನಾಲ್ಕನೆಯ ಸಾಮಾನು

"ತಿರುಗೇ," ಎಂದ ಬಾಸ್.

ತಿರುಗಿದೆ.

"ನೋಡಿ ಮೇಡಂ. ಅಂಗಿಗೂ ಜೇಬಿಲ್ಲ, ಪ್ಯಾಂಟಿಗೂ ಇಲ್ಲ. ಎಲ್ಲಾ ಹೊಲಿಸಿಬಿಟ್ಟಿದೀನಿ. ಸುವಾ ಪಟ್ಟಣದಲ್ಲಿ ಮನೆ ಸಾಗಿಸೋ ಇನ್ಯಾವ ಕಂಪನೀಲೂ ಈ ವ್ಯವಸ್ಥೆ ಇಲ್ಲ."

ಮಿಸೆಸ್ ಲಾಥಮ್ ಬಗ್ಗಿ ನನ್ನ ತೊಡೆಯ ಪಕ್ಕದ ಹೊಲಿಗೆಯನ್ನು ಪರೀಕ್ಷಿಸಿದಳು. ಕೈಯಲ್ಲಿದ್ದ ಹಾಳೆಯಲ್ಲಿ ಒಂದು ಪ್ರಶ್ನೆಯ ಮುಂದೆ ಗುರುತು ಹಾಕಿದಳು. ಆಮೇಲೆ ನನ್ನ ತಲೆಯನ್ನು ನೋಡಿದಳು.

"ಕೂದಲೊಳಗೆ? ಇಷ್ಟು ದಟ್ಟ ಇದೆ. ಒಂದು ಉಂಗುರ ಸಿಕ್ಕಿಸಿಕೊಂಡ್ರೆ ಯಾರಿಗೆ ಗೊತ್ತಾಗತ್ತೆ?"

ಬಾಸ್‌ಗೆ ಇದು ಹೊಳೆದೇ ಇರಲಿಲ್ಲ. ಮುಂದೆ ಬಂದು ನನ್ನ ಕೂದಲೊಳಗೆ ಐದೂ ಬೆರಳು ಇಳಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಆಡಿಸಿ ತೋರಿಸಿದ. "ದಿನಾ ಸಂಜೆ ಹೀಗೇ ನೋಡ್ತೀವಿ ಮೇಡಂ," ಎಂದ. ಆ ಸಂಜೆಯಿಂದಲೇ ನೋಡತೊಡಗಿದ.

ನಮ್ಮಲ್ಲಿ ಇನ್ನೊಬ್ಬರ ತಲೆ ಮುಟ್ಟುವುದಿಲ್ಲ. ಹಿಂದಿನ ಕಾಲದಲ್ಲಿ ಹಾಗೆ ಮುಟ್ಟಿದವನು ತನ್ನ ತಲೆಯನ್ನೇ ಕೊಡಬೇಕಾಗುತ್ತಿತ್ತಂತೆ. ಬೂಬೂ, ಎಂದರೆ ನನ್ನ ಅಜ್ಜಿ, ಹೇಳುತ್ತಿದ್ದಳು. ಈಗ ಕಾಲ ಸುಧಾರಿಸಿದೆ. ನನ್ನ ಜೊತೆ ಬಂದಿದ್ದ ಸೆಕಾಯಾ ಮೋಮೋ ನೆಲ ನೋಡಿದ. ಮೋಮೋ ಎಂದರೆ ಮಾವ. ರಕ್ತಸಂಬಂಧವೇನೂ ಇಲ್ಲ, ಇಪ್ಪತ್ತು ವರ್ಷದಿಂದ ಬೇರೆಯವರ ಪಿಯಾನೋ ಹೊರುತ್ತಿರುವ ಮುದುಕನನ್ನು ಇನ್ನೇನೆಂದು ಕರೆಯುವುದು.

ಮಿಸೆಸ್ ಲಾಥಮ್ ಕೈಯಲ್ಲಿದ್ದ ಹಾಳೆ ಕಂಪ್ಯೂಟರಿನಿಂದ ತೆಗೆದದ್ದು. ವಿದೇಶಕ್ಕೆ ಮನೆ ಸಾಗಿಸುವಾಗ ನಂಬಿಗಸ್ತ ಕಂಪನಿಯನ್ನು ಆರಿಸುವುದು ಹೇಗೆ ಎಂದು ಅದರಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಎಷ್ಟು ವರ್ಷದ ಕಂಪನಿ? ವಿಮೆ ಉಂಟೆ? ಒಡೆದರೆ ಯಾರು ಹೊಣೆ? ಹಿಂದಿನ ಗಿರಾಕಿಗಳ ಫೋನ್ ನಂಬರ್ ಕೊಡುತ್ತಾರೆಯೆ? ನಮ್ಮ ಮುಂಚೆ ಎರಡು ಕಂಪನಿಯವರು ಬಂದು ಹೋಗಿದ್ದರು. ನಾವು ಮೂರನೆಯವರು. ಕೊನೆಯ ಎರಡು ಪ್ರಶ್ನೆಗಳನ್ನು ಅವಳೇ ಪೆನ್ಸಿಲಿನಲ್ಲಿ ಸೇರಿಸಿದ್ದಳು.

"ಮೂರು ದಿನ ಕೆಲಸ ಅಂದ್ರಿ. ಇವರಿಗೆ ಟಾಯ್ಲೆಟ್?"

"ತಡ್ಕೋತಾರೆ ಮೇಡಂ. ಅಭ್ಯಾಸ ಇದೆ."

ಗುರುತು ಬಿತ್ತು. ಇನ್ನೊಂದು ಪ್ರಶ್ನೆ ಕೇಳಲು ಅವಳು ನಮ್ಮನ್ನು ಅತಿಥಿಗಳ ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಟವೆಲ್ ನೇತುಹಾಕುವ ಕೊಕ್ಕೆಗೆ ಒಂದು ತಂಬುವಾ ತೂಗುತ್ತಿತ್ತು. ಅದರ ಹಗ್ಗಕ್ಕೆ ಬೆನ್ನುಜ್ಜುವ ಬ್ರಷ್ ಸಿಕ್ಕಿಸಿದ್ದರು.

ತಂಬುವಾ ಎಂದರೆ ತಿಮಿಂಗಿಲದ ಹಲ್ಲು. ಇದು ಎಣ್ಣೆ ತಿಂದು ಜೇನಿನ ಬಣ್ಣಕ್ಕೆ ತಿರುಗಿತ್ತು. ತೆಂಗಿನ ನಾರಿನ ಹಗ್ಗ ಒಂದು ಕಡೆ ಹರಿದಿದ್ದು, ಅಲ್ಲಿ ನೀಲಿ ಮೀನುದಾರ ಸುತ್ತಿತ್ತು. ಆ ನೀಲಿ ದಾರ ಸುತ್ತಿದವಳು ನಾನು. ಆಗ ನನಗೆ ಹತ್ತೊಂಬತ್ತು ವರ್ಷ.

"ಇದನ್ನ ತಗೊಂಡು ಹೋಗೋಕೆ ಸರ್ಕಾರದ ಪತ್ರ ಬೇಕಂತೆ, ಆ ಇಬ್ಬರೂ ಪತ್ರ ಇಲ್ದೆ ಮುಟ್ಟಲ್ಲ ಅಂದ್ರು," ಎಂದಳು ಮಿಸೆಸ್ ಲಾಥಮ್.

"ಅವರಿಗೆ ಅನುಭವ ಸಾಲದು," ಎಂದ ಬಾಸ್. "ಬಚ್ಚಲುಮನೆ ಅಲಂಕಾರ, ಪ್ಲಾಸ್ಟಿಕ್ ಅಂತ ಪಟ್ಟೀಲಿ ಬರೀತೀವಿ. ಮುಗೀತು."

"ಸಿಕ್ಕಿಬಿದ್ರೆ?"

"ಪಟ್ಟಿಗೆ ಪ್ಯಾಕ್ ಮಾಡಿದವರ ಸಹಿ ಇರತ್ತಲ್ಲ ಮೇಡಂ." ಬಾಸ್ ನನ್ನ ಕಡೆ ನೋಡಿ ನಕ್ಕ. ನನ್ನ ಕೈಬರಹ ಮುದ್ದಾಗಿದೆ, ಪಟ್ಟಿ ಬರೆಯುವವಳು ನಾನೇ.

ಕೆಲಸ ನಮಗೆ ಸಿಕ್ಕಿತು. ನಾವೇ ನಂಬಿಗಸ್ತರು ಎಂದು ತೀರ್ಮಾನವಾಯಿತು.

*

ಮಿಸ್ಟರ್ ಲಾಥಮ್ ನದಿಗಳಿಂದ ಜಲ್ಲಿ ತೆಗೆಯಲು ಪರವಾನಗಿ ಕೊಡುವ ಕಚೇರಿಯ ದೊಡ್ಡ ಸಲಹೆಗಾರ. ಮೂರು ವರ್ಷದ ಹಿಂದೆ ನಮ್ಮೂರಿಗೆ ಬಂದಿದ್ದ. ಊರಿನ ಹಿರಿಯರು ಚಾಪೆಯ ಮೇಲೆ ಕೂತು ಈ ತಂಬುವಾವನ್ನು ಎರಡೂ ಕೈಯಲ್ಲಿ ಎತ್ತಿ, ಒಂದೇ ಒಂದು ಮಾತು ಕೇಳಿದ್ದರು: ನದಿಯ ತಿರುವಿನಿಂದ ಮೇಲಕ್ಕೆ ಯಂತ್ರ ಇಳಿಸಬೇಡಿ. ಅಲ್ಲಿ ನಮ್ಮ ಹೆಂಗಸರು ಎದೆಮಟ್ಟದ ನೀರಿನಲ್ಲಿ ನಿಂತು, ಕಾಲ್ಬೆರಳಿನಿಂದ ತಡಕಿ, ತಿನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದರು. ಶುಕ್ರವಾರ ಅದನ್ನು ಪೇಟೆಯಲ್ಲಿ ಮಾರಿ ನನ್ನನ್ನು ಓದಿಸಿದವಳು ಬೂಬೂ. ಅವನು ಎರಡೂ ಕೈ ಚಾಚಿ ತಂಬುವಾ ತೆಗೆದುಕೊಂಡ. ತೆಗೆದುಕೊಂಡರೆ ಮಾತು ಒಪ್ಪಿದ ಹಾಗೆ. ಎಲ್ಲರೂ ಯಂಗೋನಾ ಬೇರಿನ ಪಾನಕ ಕುಡಿದರು, ಅವನೂ ಕುಡಿದ, ನಾಲಗೆ ಮರಗಟ್ಟಿತೆಂದು ನಕ್ಕ.

ಆರು ತಿಂಗಳಿಗೆ ಯಂತ್ರಗಳು ಇಳಿದವು. ತಿರುವಿನಿಂದ ಮೇಲಕ್ಕೇ.

ನಾವೇನು ಮಾಡಿದೆವು? ಕಾದೆವು. ತಂಬುವಾ ಅವನ ಹತ್ತಿರ ಇದೆ, ಅಂದರೆ ನಮ್ಮ ಮಾತು ಇನ್ನೂ ಅವನ ಕೈಯಲ್ಲಿದೆ. ಎರಡನೇ ಸಲ ಕೇಳಿದರೆ ಅವನನ್ನು ಸುಳ್ಳುಗಾರ ಎಂದ ಹಾಗೆ. ದಾರಿ ಅಡ್ಡಗಟ್ಟಿದರೆ ನಾವು ಸುಳ್ಳುಗಾರರಾದ ಹಾಗೆ. ಊರಿಗೆ ಊರೇ ಮರ್ಯಾದೆಯಿಂದ ಎರಡೂವರೆ ವರ್ಷ ಲಾರಿಗಳನ್ನು ಎಣಿಸಿತು. ಮೊದಲ ವರ್ಷ ಚಿಪ್ಪು ಸಣ್ಣದಾಯಿತು, ಎರಡನೇ ವರ್ಷ ಕೆಸರಿನ ವಾಸನೆ ಬಂತು, ಮೂರನೇ ವರ್ಷ ಚಿಪ್ಪೇ ಸಿಗದೆ ಬೂಬೂ ಆ ಬುಟ್ಟಿಯಲ್ಲಿ ಬಟ್ಟೆ ತುಂಬಿಟ್ಟಳು. ನಾನು ಸುವಾಕ್ಕೆ ಬಂದು ಗಾಜಿನ ಲೋಟ ಸುತ್ತುವುದನ್ನು ಕಲಿತೆ.

ಭಾನುವಾರ ಊರಿಗೆ ಹೋಗಿ ಬೂಬೂಗೆ ಹೇಳಿದೆ. ಅವಳು ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ಕೈ ನಿಂತಿತು.

"ಬಚ್ಚಲಲ್ಲಾ?"

"ಹೂಂ ಬೂಬೂ. ಬ್ರಷ್ ಜೊತೆ."

ನನ್ನ ಚಿಕ್ಕಂದಿನಲ್ಲಿ ಬೂಬೂ ಒಂದು ಕತೆ ಹೇಳುತ್ತಿದ್ದಳು. ತಿಮಿಂಗಿಲ ಸಾಯುವಾಗ ತಾನು ಕೇಳಿದ ಮಾತನ್ನೆಲ್ಲ ಹಲ್ಲಿನಲ್ಲಿ ಬಚ್ಚಿಟ್ಟು ಹೋಗುತ್ತದಂತೆ, ಅದಕ್ಕೇ ಆ ಹಲ್ಲಿಗೆ ಅಷ್ಟು ಭಾರ. ಆ ದಿನ ಆ ಮಾತು ತೆಗೆಯಲಿಲ್ಲ. ಬೇರೆಯೇ ಮಾತು ಬಂತು.

"ಆ ಹಂದಿ ನನ್ಮಗ ಅದನ್ನ ಸಮುದ್ರ ದಾಟಿಸಿದ್ರೆ ನಮ್ಮ ಮಾತೂ ದಾಟ್ತು ಕಣೇ. ಆಮೇಲೆ ಸಾಯೋವರೆಗೂ ಕಾಯೋದೇ. ಯಾವ ದೇಶಕ್ಕೆ ಹೋಗಿ ಕೇಳಾಣ?"

"ನಾನು ತಂದ್ಬಿಡ್ತೀನಿ ಬೂಬೂ. ಪೇಪರ್ ಚೂರಲ್ಲಿ ಸುತ್ತಿ ಕಸದ ಜೊತೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ."

"ಮುಚ್ಚೇ ಬಾಯಿ. ಕದ್ದು ತಂದ್ರೆ ಅದು ಬರೀ ಮೂಳೆ. ಅವನೇ ಕೊಡಬೇಕು. ಕೂತ್ಕೊಂಡು, ಎರಡೂ ಕೈಲಿ, 'ಆಗಲ್ಲ' ಅಂತ ಬಾಯಿಬಿಟ್ಟು ಹೇಳಿ ಕೊಡಬೇಕು. ಆಗ ಕೇಳೋ ಕೆಲಸ ಮುಗೀತು. ಆಮೇಲೆ ನಾವು ಮಾಡೋದು ನಾವು ಮಾಡ್ತೀವಿ."

*

ಪ್ಯಾಕಿಂಗ್ ಮೂರು ದಿನ. ಇನ್ನೂರ ಅರವತ್ತು ಸಾಮಾನು. ನಾನು ಲೋಟ, ತಟ್ಟೆ, ಗೊಂಬೆ ಸುತ್ತುವವಳು. ಬಿಳಿ ಕಾಗದದಲ್ಲಿ ಒಂದೊಂದನ್ನೂ ಮಲಗಿಸುವಾಗ ಅವು ತಣ್ಣಗಿನ ದೇಶದಲ್ಲಿ ಕಣ್ಣು ಬಿಡುವುದನ್ನು ನೆನೆಯುತ್ತೇನೆ. ನಾಯಿಯ ಹಾಸಿಗೆ, ನಾಯಿಯ ಬಟ್ಟಲು, ನಾಯಿಯ ಹುಟ್ಟುಹಬ್ಬದ ಟೋಪಿ, ಎಲ್ಲವೂ ಹೊರಟವು. ಆ ಮನೆಯಲ್ಲಿ ನಾಲ್ಕು ಬಚ್ಚಲುಮನೆಗಳು. ನಾವು ತಮಾವುಆ ಗುಡ್ಡ ಇಳಿದು ಪೆಟ್ರೋಲ್ ಬಂಕಿಗೆ ಹೋಗಿ ಬರುತ್ತಿದ್ದೆವು, ಹೋಗಿ ಬರಲು ಅರ್ಧ ಗಂಟೆ. ಲಾರಿ ಓಡಿಸುವ ರಾಮೌತಾರ್‌ನ ಮುತ್ತಾತ ಕಬ್ಬು ಕಡಿಯಲು ಹಡಗಿನಲ್ಲಿ ಬಂದವನು. "ನಮ್ ಮುತ್ತಾತನ್ನೂ ಹಿಂಗೇ ಪ್ಯಾಕ್ ಮಾಡಿ ಕಳ್ಸಿದ್ರಂತೆ, ವಿಮೆ ಇರ್ಲಿಲ್ಲ ಅಷ್ಟೇ," ಎನ್ನುತ್ತಿದ್ದ.

ಅವನಿಗೂ ಸೆಕಾಯಾ ಮೋಮೋಗೂ ನಾನು ತಂಬುವಾದ ವಿಷಯ ಹೇಳಿದ್ದೆ. ರಾಮೌತಾರ್ "ಥೂ" ಎಂದು ಉಗಿದು, "ಬೋಳಿಮಗ. ಬ್ರಷ್ ಬೇರೆ," ಎಂದ.

ಮೂರನೇ ದಿನ ಮಧ್ಯಾಹ್ನ ಮೂರಕ್ಕೆ ಕಂಟೇನರ್ ಮುಕ್ಕಾಲು ತುಂಬಿತ್ತು. ಐದಕ್ಕೆ ಬಂದರಿನ ಬಾಗಿಲು ಮುಚ್ಚುತ್ತದೆ. ತಪ್ಪಿದರೆ ಮುಂದಿನ ಹಡಗು ಇಪ್ಪತ್ತು ದಿನಕ್ಕೆ. ಖಾಲಿ ಹಾಲಿನಲ್ಲಿ ಗಂಡ, ಹೆಂಡತಿ, ಬಾಸ್ ನಿಂತಿದ್ದರು. ಪಟ್ಟಿಯ ಪ್ರತಿ ಪುಟಕ್ಕೂ ಎರಡು ಸಹಿ ಬೇಕು, ನನ್ನದು ಮತ್ತು ಮನೆಯವರದು. ಹತ್ತು ಪುಟ ಆದವು. ಹನ್ನೊಂದನೆಯ ಪುಟ ಕೊಟ್ಟೆ.

ಮಿಸ್ಟರ್ ಲಾಥಮ್ ಪೆನ್ನು ಎತ್ತಿದವನು ನಿಂತ.

ಇನ್ನೂರ ಹದಿನಾಲ್ಕರ ಮುಂದೆ ನಾನು ಬರೆದಿದ್ದೆ: ತಂಬುವಾ, ಒಂದು. ತಿರುವಿನಿಂದ ಮೇಲೆ ಜಲ್ಲಿ ತೆಗೆಯಬಾರದೆಂಬ ಮಾತಿಗೆ ಕೊಟ್ಟದ್ದು. ಮಾತು ನಡೆದಿಲ್ಲ.

"ಏನಿದು?"

"ಸಾಮಾನಿನ ವಿವರ ಸಾರ್," ಎಂದೆ.

ಬಾಸ್ ಕಸಿದುಕೊಂಡು ಓದಿದ. ಮುಖ ಬೇಯಿಸಿದ ಏಡಿಯ ಹಾಗಾಯಿತು. "ಪ್ಲಾಸ್ಟಿಕ್ ಅಂತ ಬರಿ ಅಂದ್ರೆ ಏನೇ ಬರ್ದಿದೀಯಾ, ಮುಂಡೆ? ಅಳಿಸು."

"ಪೆನ್ನಲ್ಲಿ ಬರ್ದಿದೀನಿ ಬಾಸ್."

ಏನು ಮಾಡಬೇಕೋ ತೋಚದೆ ನೆಲದ ಮೇಲೆ ಕೂತುಬಿಟ್ಟೆ, ಕಾಲು ಮಡಿಸಿ, ಇನ್ನೂ ಪೆಟ್ಟಿಗೆಗೆ ಹಾಕದೆ ಉಳಿಸಿಕೊಂಡಿದ್ದ ತಂಬುವಾವನ್ನು ಮುಂದಿಟ್ಟುಕೊಂಡು. ಸೆಕಾಯಾ ಮೋಮೋ ಹೆಗಲ ಮೇಲಿದ್ದ ಕುರ್ಚಿಯನ್ನು ಜೋಪಾನವಾಗಿ ಇಳಿಸಿ ನನ್ನ ಪಕ್ಕ ಕೂತ. ಹೊರಗೆ ಲಾರಿಯ ಇಂಜಿನ್ ನಿಂತಿತು. ರಾಮೌತಾರ್ ಕೀಲಿಕೈ ಹಿಡಿದು ಬಂದು, "ಮಂಡಿ ನೋವು ಬೇರೆ, ಹಾಳಾದ್ದು," ಎಂದು ಗೊಣಗುತ್ತ ಅವನೂ ಕೂತ.

"ಎದ್ದೇಳ್ರೋ ಸೂಳೆಮಕ್ಳಾ! ನಾಲ್ಕು ಗಂಟೆ ಆಗ್ತಾ ಬಂತು!" ಬಾಸ್ ರಾಮೌತಾರ್‌ನ ಬೆನ್ನಿಗೆ ಬೂಟಿನಿಂದ ಒಂದು ತಿವಿದ.

"ಒದೀರಿ ಬಾಸ್. ಒದ್ರೆ ಲಾರಿ ಸ್ಟಾರ್ಟ್ ಆಗತ್ತಾ ನೋಡಾಣ."

ಮಿಸೆಸ್ ಲಾಥಮ್ ತನ್ನ ಹಾಳೆಯನ್ನು ಹುಡುಕಿ ತೆಗೆದಳು. ಮೇಲಿಂದ ಕೆಳಗೆ ನೋಡಿದಳು. "ಇದು ಇದರಲ್ಲಿಲ್ಲ," ಎಂದಳು ಗಂಡನಿಗೆ.

ಮಿಸ್ಟರ್ ಲಾಥಮ್ ಕೆಟ್ಟ ದನಿಯಲ್ಲೇನೂ ಮಾತಾಡಲಿಲ್ಲ. "ಅದು ಉಡುಗೊರೆ ಅಮ್ಮಾ. ಎಷ್ಟು ಪ್ರೀತಿಯಿಂದ ಕೊಟ್ರು. ಹಂದಿ ಸುಟ್ಟಿದ್ರು, ಹಾಡಿದ್ರು. ನಂಗೆ ಈಗ್ಲೂ ನೆನಪಿದೆ."

"ಹಾಡು ನೆನಪಿದೆ, ಮಾತು ಸಾರ್?" ಎಂದ ಸೆಕಾಯಾ ಮೋಮೋ.

"ನಾನು ಹೇಳಿ ನೋಡಿದೆ. ಆ ಕಡತ ನನ್ನ ಕೈಲಿರಲಿಲ್ಲ."

"ಸರಿ ಸಾರ್. ಕೈಲಿಲ್ಲ ಅಂದ್ಮೇಲೆ ಅವತ್ತೇ ವಾಪಸ್ ಕೊಡೋದಲ್ವಾ? ವಾಪಸ್ ಕೊಟ್ರೆ ನಮ್ಮಲ್ಲಿ ಯಾರೂ ಬೇಜಾರು ಮಾಡ್ಕೊಳಲ್ಲ. ಇಟ್ಕೊಂಡ್ರಿ. ಮೂರು ವರ್ಷ ಊರನ್ನ ಕಟ್ಟಿಹಾಕಿ ಇಟ್ಕೊಂಡ್ರಿ."

ಗಡಿಯಾರ ಪೆಟ್ಟಿಗೆಯೊಳಗೆ ಸೇರಿತ್ತು, ಆದರೂ ಎಲ್ಲರೂ ಗೋಡೆಯ ಖಾಲಿ ಮೊಳೆಯನ್ನು ನೋಡಿದರು. "ಕೊಟ್ಬಿಡಿ ಅತ್ಲಾಗೆ, ಹಡಗು ಹೋಗತ್ತೆ," ಎಂದಳು ಮಿಸೆಸ್ ಲಾಥಮ್.

ಅವನು ಬಗ್ಗಿ ತಂಬುವಾವನ್ನು ಹಗ್ಗ ಹಿಡಿದು ಎತ್ತಿ, ಒಂದೇ ಕೈಯಲ್ಲಿ ನನ್ನ ಕಡೆ ಚಾಚಿದ. "ತಗೋ."

ನಾನು ತೆಗೆದುಕೊಳ್ಳಲಿಲ್ಲ. "ಕೂತ್ಕೊಬೇಕು ಸಾರ್. ಎರಡೂ ಕೈ."

ಬಾಸ್ ಏನೋ ಬೈಯಲು ಹೋದ. ಮಿಸ್ಟರ್ ಲಾಥಮ್ ಕೈಯೆತ್ತಿ ತಡೆದ. ನಿಧಾನಕ್ಕೆ ಕೂತ, ಎರಡು ಮಂಡಿಯೂ ಲಟಕ್ಕೆಂದವು. "ಏನಂತ ಹೇಳ್ಬೇಕು?" ಎಂದ.

"ನಿಮ್ಮ ಮಾತು ನನ್ನಿಂದ ಆಗಲ್ಲ ಅನ್ನಿ," ಎಂದ ಸೆಕಾಯಾ ಮೋಮೋ.

ಅವನು ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಚಾಚಿದ. "ನಿಮ್ಮ ಮಾತು ನನ್ನಿಂದ ಆಗಲ್ಲ."

ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಸೆಕಾಯಾ ಮೋಮೋ ಅಂಗೈ ಬೋಗುಣಿಯ ಹಾಗೆ ಮಾಡಿ ನಮ್ಮ ಪದ್ಧತಿಯಂತೆ ಮೂರು ಸಲ ಚಪ್ಪಾಳೆ ತಟ್ಟಿದ, ಖಾಲಿ ಮನೆ ಬಾವಿಯಂತೆ ಮೊಳಗಿತು. ಆಮೇಲೆ ಮೂವರೂ ಎದ್ದು ಉಳಿದ ಸಾಮಾನು ಹೊತ್ತೆವು. ಇನ್ನೂರ ಹದಿನಾಲ್ಕನ್ನು ಹೊಡೆದುಹಾಕಿ ಎರಡೂ ಸಹಿ ಹಾಕಿದೆವು. ನಾಲ್ಕು ಐವತ್ತಕ್ಕೆ ಕಂಟೇನರ್ ಬಂದರಿನ ಬಾಗಿಲು ದಾಟಿತು. ಒಂದು ಲೋಟವೂ ಒಡೆಯಲಿಲ್ಲ.

ಗೋದಾಮಿನ ಗೇಟಿನಲ್ಲಿ ಬಾಸ್ ನನ್ನ ಅಂಗಿ ಬಿಚ್ಚಿಸಿಕೊಂಡ, ಅದು ಕಂಪನಿಯದು. ನಾನು ಬನಿಯನ್ನಿನಲ್ಲಿ ನಿಂತೆ. "ನಾಳೆಯಿಂದ ನೀನು ಈ ಊರಲ್ಲಿ ಯಾವ ಕಂಪನೀಲೂ ಒಂದು ಚಮಚ ಸುತ್ತಲ್ಲ, ನೋಡ್ತಿರು," ಎಂದು ನನ್ನ ತಲೆಯ ಕಡೆ ಕೈ ತಂದ.

"ತಲೆ ಮುಟ್ಟಬೇಡಿ," ಎಂದೆ.

ಕೈ ಗಾಳಿಯಲ್ಲೇ ನಿಂತಿತು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ, ತಂಬುವಾವನ್ನು ಎಲ್ಲರಿಗೂ ಕಾಣುವ ಹಾಗೆ ಎದೆಯ ಮೇಲೆ ಹಿಡಿದು.

*

ಬೂಬೂ ತಂಬುವಾವನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. "ಸೋಪು," ಎಂದಳು. "ಬಾಯಿಬಿಟ್ಟು ಹೇಳಿದ್ನಾ?"

"ಹೇಳಿದ ಬೂಬೂ. ನೆಲದ ಮೇಲೆ ಕೂತು."

ಮರುದಿನ ಬೆಳಿಗ್ಗೆ ಆರಕ್ಕೆ, ಬೇಸಾಯಕ್ಕೆ ಹೊರಟವಳ ಹಾಗೆ, ಬೂಬೂ ಚಾಪೆ ಸುರುಳಿ ಸುತ್ತಿ ಹೊರಟಳು. ಮನೆಮನೆಯಿಂದ ಹೆಂಗಸರು ಚಾಪೆ ಹಿಡಿದು ಬಂದರು. ನದಿಗೆ ಇಳಿಯುವ ಜಲ್ಲಿ ಲಾರಿಗಳ ದಾರಿಯ ಮಧ್ಯೆ ಹಾಸಿ, ಒಬ್ಬೊಬ್ಬರಾಗಿ ಕೂತರು. ಯಾರೋ ಬ್ರೆಡ್‌ಫ್ರೂಟ್ ಬೇಯಿಸಿ ತಂದಿದ್ದರು.

ಮೊದಲ ಲಾರಿ ಏಳಕ್ಕೆ ಬಂತು. ಹಾರ್ನ್ ಹೊಡೆಯಿತು, ಮತ್ತೆ ಹೊಡೆಯಿತು. ಹಳದಿ ಟೋಪಿಯ ಮೇಸ್ತ್ರಿ ಇಳಿದು ಬಂದ.

"ಏ ಮುದುಕಿ, ಯಾರನ್ನ ಕೇಳಿ ಇಲ್ಲಿ ಕೂತಿದೀಯಾ?"

"ಮೂರು ವರ್ಷ ಕೇಳಿದ್ವಪ್ಪ," ಎಂದಳು ಬೂಬೂ. "ಕೇಳಿ ಮುಗೀತು."

ಅವನು ಫೋನ್ ಹಿಡಿದು ಗುಡ್ಡದ ಕಡೆ ನಡೆದ. ಎರಡನೆಯ ಲಾರಿ ಬಂದು ಮೊದಲನೆಯದರ ಹಿಂದೆ ನಿಂತಿತು. ಮೂರನೆಯದು ಬಂತು. ದೂರದಲ್ಲಿ ಪೊಲೀಸ್ ಜೀಪಿನದೋ ಏನೋ, ಧೂಳು ಎದ್ದಿತ್ತು. ಬೂಬೂ ಆ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು, ಬ್ರೆಡ್‌ಫ್ರೂಟಿನ ಚೂರನ್ನು ಬಾಯಿಗೆ ಹಾಕಿಕೊಂಡಳು.

"ಸ್ವಲ್ಪ ಒತ್ತಾಗಿ ಕೂತ್ಕೊಳ್ರೇ," ಎಂದಳು, ಚಾಪೆಯ ತುದಿ ಎಳೆದುಕೊಳ್ಳುತ್ತ. "ಎಂಟರ ಬಸ್ಸಿಗೆ ಮೇಲೂರಿನೋರು ಬರ್ತಾರೆ. ಅವರಿಗೂ ಜಾಗ ಬೇಕು."