ನೆಲದೊಳಗಿನ ಗೋಡೆ

"ಎತ್ತು! ಎತ್ತೇ ಅದನ್ನ, ಸೂಳಿಮಗಳೆ! ಯಾರ್ನ ಕೇಳಿ ಬಿಟ್ಟೀ ಬಾವ್ಯಾಗ?"

ಪಂಚಶೀಲಾಳ ಕೈಯಲ್ಲಿದ್ದ ಟೇಪು ಆಗಷ್ಟೇ ಕುಂಯ್ ಎಂದಿತ್ತು. ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವ ಟೇಪು ಅದು. ತುದಿಗೆ ನೀರು ತಾಗಿದರೆ ಕೂಗುತ್ತದೆ. ಅಳತೆ ಓದಿಕೊಳ್ಳುವ ಮೊದಲೇ ಸೂಗನಗೌಡ ಧೋತರದ ಚುಂಗು ಹಿಡಿದುಕೊಂಡು ಗುಡಿಯ ಕಟ್ಟೆಯಿಂದ ಇಳಿದು ಬಂದಿದ್ದ.

"ಗೌಡ್ರ, ಯೂನಿವರ್ಸಿಟಿಯಿಂದ ಬಂದೀನ್ರಿ. ಊರಾಗಿನ ಎಲ್ಲಾ ಬಾವಿ ನೀರು ಅಳಿಯಾಕತ್ತೀನಿ..."

"ಬಾಲಮ್ಮನ ಮಗಳಲ್ಲೇನು ನೀ? ಯೂನಿವರ್ಸಿಟಿ ಅಂತ ಯೂನಿವರ್ಸಿಟಿ! ಕಲಬುರಗ್ಯಾಗ ನಾಕ ಅಕ್ಷರ ಕಲ್ತ ಕೂಡ್ಲೆ ಕೇರಿ ಬಿಟ್ಟು ಊರಾಗ ಹುಟ್ಟಿದಂಗಾತೇನು? ಹಣಮಂದೇವ್ರ ಮೈಮ್ಯಾಲ ಬೀಳೋ ನೀರು ಅದು. ಎತ್ತು!"

ಅವಳು ಟೇಪು ಸುತ್ತತೊಡಗಿದಳು. ತುದಿಯಿಂದ ಹನಿಗಳು ತೊಟಕ್ ತೊಟಕ್ ಎಂದು ಬಾವಿಗೆ ಬಿದ್ದವು.

"ಏ, ಹನಿ ಬೀಳಾಕತ್ತ್ಯಾವಲ್ಲೇ! ಬೀಳಿಸಬ್ಯಾಡ!"

ಎತ್ತದಿದ್ದರೆ ಮೈಲಿಗೆ, ಎತ್ತಿದರೆ ಹನಿ ಬಿದ್ದು ಮತ್ತಷ್ಟು ಮೈಲಿಗೆ. ಹನಿ ಬೀಳದಂತೆ ಬಾವಿಯಿಂದ ಟೇಪು ಎತ್ತುವ ವಿದ್ಯೆಯನ್ನು ಯಾವ ಯೂನಿವರ್ಸಿಟಿಯೂ ಅವಳಿಗೆ ಕಲಿಸಿರಲಿಲ್ಲ. ಕಿತ್ತುಕೊಳ್ಳೋಣವೆಂದರೆ ಗೌಡ ಅದನ್ನು ಮುಟ್ಟುವಂತಿಲ್ಲ. ಅವಳ ಸುತ್ತ ದೂರದಿಂದಲೇ ಕುಣಿದಾಡುವುದೊಂದೇ ಅವನಿಗೆ ಉಳಿದಿದ್ದು, ಅದನ್ನು ಅವನು ಚೆನ್ನಾಗಿಯೇ ಮಾಡಿದ.

ಯಾರೋ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದರು. ಗೌಡನದೇ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಬಾಲಮ್ಮ ಉಡಿಯ ಹತ್ತಿಯ ಸಮೇತ ಓಡಿಬಂದಳು. ಮಗಳನ್ನು ಏನೂ ಕೇಳಲಿಲ್ಲ. ಬಾವಿಯಿಂದ ದೂರದಲ್ಲೇ ಮೊಣಕಾಲೂರಿ ನೆಲಕ್ಕೆ ಹಣೆ ಹಚ್ಚಿದಳು.

"ತಪ್ಪಾತ್ರಿ ಎಪ್ಪಾ. ಓದಿ ಓದಿ ತಲಿ ಕೆಟ್ಟದ ಅದಕ್ಕ. ಹೊಟ್ಟ್ಯಾಗ ಹಾಕ್ಕೊರ್ರಿ."

"ಓದಿಸಬ್ಯಾಡ ಅಂತ ಅವತ್ತೇ ಹೇಳಿದ್ದೆ. ಕೇಳಿದೇನ ರಂಡಿ? ನಾಳಿಂದ ನನ್ನ ಹೊಲಕ್ಕ ಕಾಲಿಡಬ್ಯಾಡ."

ಅವ್ವನ ಹಣೆಗೆ ಹತ್ತಿದ ಎರೆಮಣ್ಣು ನೋಡಿ ಪಂಚಶೀಲಾಳ ಮೈಯೆಲ್ಲ ಉರಿಯಿತು. ಗೌಡನಿಗಿಂತ ಅವ್ವನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಹಾಗೆ ಬಂದದ್ದಕ್ಕೆ ತನ್ನ ಮೇಲೂ ಬಂತು.

ಕರೆಗುರ್ತಿ, ದೋರನಹಳ್ಳಿಯಿಂದ ಒಳಗೆ ಹೋದರೆ ಸಿಗುವ ಊರು. ಕಾಲುವೆಯ ನೀರು ಗೌಡರ ಭತ್ತಕ್ಕೆ ಬಂದಿದೆ, ಕುಡಿಯಲು ಬಂದಿಲ್ಲ. ಊರವರು ಕುಡಿಯುವುದು ಗುಡಿಯ ಮುಂದಿನ ಸೀನೀರ ಬಾವಿಯದು. ದೇವರ ಬಾವಿ ಎಂದು ಅದಕ್ಕೆ ಯಾರೂ ಮೋಟಾರು ಹಚ್ಚಿದವರಲ್ಲ, ಹಗ್ಗ ಮತ್ತು ಕೊಡ ಮಾತ್ರ. ಕೇರಿಗೆ ಇರುವುದು ಒಂದು ಬೋರಿಂಗ್, ಅದೂ ಕೈಯಿಂದ ಒತ್ತುವುದು. ಒಂದು ಕೊಡ ತುಂಬುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಇನ್ನೊಂದು ಕೊರೆಸಿಕೊಡಿ ಎಂದು ಕೇರಿಯವರು ಸರ್ಕಾರಿ ದಫ್ತರಕ್ಕೆ ಅಲೆದಾಗಲೆಲ್ಲ ಒಂದೇ ಉತ್ತರ: "ನಿಮ್ಮ ಕಡಿ ನೀರಿಲ್ಲ. ಕೊರಸೋದು ದಂಡ. ದೊಡ್ಡ ಪ್ರೊಫೆಸರ್ ಬರದು ಕೊಟ್ಟಾರ."

ಆ ದೊಡ್ಡ ಪ್ರೊಫೆಸರ್ ವಿಶ್ವಾರಾಧ್ಯ, ಪಂಚಶೀಲಾಳ ಪಿಎಚ್.ಡಿ. ಗೈಡ್. ಊರಿಗೂ ಕೇರಿಗೂ ನಡುವೆ ನೆಲದೊಳಗೆ ಕರಿಕಲ್ಲಿನ ಗೋಡೆಯೊಂದು ನಿಂತಿದೆ, ನೀರೆಲ್ಲ ಊರ ಕಡೆ ಉಳಿಯುತ್ತದೆ, ಕೇರಿಯ ಕಡೆ ದಾಟುವುದಿಲ್ಲ ಎಂದು ಅವರು ಬಹಳ ಹಿಂದೆ ಬರೆದಿದ್ದರು. ಅವರಿಗೆ ಹೆಸರು ಬಂದದ್ದು, ದೊಡ್ಡ ಕುರ್ಚಿ ಸಿಕ್ಕಿದ್ದು ಆ ಗೋಡೆಯಿಂದಲೇ. ಗೋಡೆ ಹುಡುಕಲು ಬಂದಾಗ ಉಳಿದುಕೊಂಡದ್ದು ಸೂಗನಗೌಡನ ಮನೆಯಲ್ಲಿ, ಉಂಡದ್ದು ಅವನ ಮನೆಯ ಹೋಳಿಗೆ. ಕೇರಿಗೆ ಕಾಲಿಟ್ಟಿರಲಿಲ್ಲ. ಆ ಕಡೆ ಒಂದು ಅಳತೆಯನ್ನೂ ತೆಗೆಯದೆ ಅಷ್ಟು ಗಟ್ಟಿಯಾದ ಗೋಡೆ ಕಟ್ಟಿದ್ದರು.

ಪಂಚಶೀಲಾಳ ಕೆಲಸ ಅದೇ ನೆಲದ ಅಂತರ್ಜಲಕ್ಕೆ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟುವುದು. ಊರನ್ನೆಲ್ಲ ಚೌಕ ಚೌಕವಾಗಿ ಕೊಯ್ದು, ಒಂದೊಂದು ಚೌಕಕ್ಕೂ ಅಲ್ಲಿಯ ಮಣ್ಣು, ಕಲ್ಲು, ನೀರಿನ ಮಟ್ಟ ತುಂಬಿದರೆ, ನೆಲದೊಳಗೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಅದು ತೋರಿಸುತ್ತದೆ. ಬೇಡದ ಚೌಕವನ್ನು ದೀಪದಂತೆ ಆರಿಸಿಬಿಡಬಹುದು. ಆರಿಸಿದ ಚೌಕದಲ್ಲಿ ನೀರೂ ಇಲ್ಲ, ಜನರೂ ಇಲ್ಲ. ಗೈಡ್ ಕೊಟ್ಟ ಹಳೆಯ ಮಾಡೆಲ್‌ನಲ್ಲಿ ಕೇರಿಯ ಚೌಕಗಳೆಲ್ಲ ಆರಿದ್ದವು. ಗೋಡೆ ಇದೆಯೋ ಇಲ್ಲವೋ ತಿಳಿಯುವುದು ಕಷ್ಟವೇನಲ್ಲ. ಸೀನೀರ ಬಾವಿಯನ್ನು ಪಂಪು ಹಚ್ಚಿ ಖಾಲಿ ಮಾಡಬೇಕು, ಆಗ ಕೇರಿಯ ಬೋರಿಂಗಿನಲ್ಲಿ ನೀರು ಇಳಿಯುತ್ತದೆಯೇ ನೋಡಬೇಕು. ಇಳಿದರೆ ಗೋಡೆ ಇಲ್ಲ. ಆದರೆ ದೇವರ ಬಾವಿಗೆ ಪಂಪು ಹಚ್ಚಲು ಕೇರಿಯ ಹುಡುಗಿಗೆ ಯಾರು ಬಿಡುತ್ತಾರೆ?

ಆವತ್ತು ಸಂಜೆ ಗೈಡ್ ಫೋನ್ ಮಾಡಿದರು. ಗೌಡನಿಂದ ಅವರಿಗೆ ಆಗಲೇ ಸುದ್ದಿ ಹೋಗಿತ್ತು.

"ಆ ಬಾವಿ ಉಸಾಬರಿ ಬಿಡವಾ. ಕೇರಿ ಚೌಕ ಆರಿಸು, ಥೀಸಿಸ್ ಮುಗಿಸು. ಮುಂದಿನ ತಿಂಗಳು ನೌಕರಿ ಇಂಟರ್ವ್ಯೂ ಅದ. ನನ್ನ ಸಹಿ ಬೇಕೋ ಬ್ಯಾಡೋ?"

ಮರುದಿನ ಬೆಳಗ್ಗೆ ಸೀನೀರ ಬಾವಿಗೆ ಇಂಜಿನ್‌ಗಳು ಬಂದವು. ಪೂಜಾರಿ ಹೇಳಿಬಿಟ್ಟಿದ್ದ: ಮುಟ್ಟಿದ ನೀರೆಲ್ಲ ಹೊರಗೆ ಹೋಗಬೇಕು, ತಳದ ಕೆಸರು ಕಾಣಬೇಕು, ಆಮೇಲೆ ಗೋಮೂತ್ರ. ಭತ್ತದ ಗದ್ದೆಗಳಿಂದ ಡೀಸೆಲ್ ಇಂಜಿನ್‌ಗಳನ್ನು ಟ್ರ್ಯಾಕ್ಟರಿಗೆ ಹೇರಿ ತಂದು, ಮೋಟಾರಿನ ಸದ್ದನ್ನೇ ಕೇಳದ ಬಾವಿಯ ಬಾಯಿಗೆ ದಪ್ಪ ಪೈಪು ತುರುಕಿದರು. ನೀರು ಊರ ಗಟಾರ ಹಿಡಿದು ಕೇರಿಯ ಪಕ್ಕದಿಂದ ಹಳ್ಳಕ್ಕೆ ಹರಿಯಿತು. ಕೇರಿಯ ಹೆಂಗಸರು ಬಟ್ಟೆಯ ಗಂಟು ತಂದು ಒಗೆಯಲು ಕೂತರು.

"ಮೈಲಿಗಿ ಆದ ಮ್ಯಾಲರ ನಮ್ಮ ಕಡಿ ಬಂತು ನೋಡ್ರೆ ಸೀನೀರು" ಎಂದು ಒಬ್ಬಳು ನಕ್ಕಳು.

ಪಂಚಶೀಲಾ ಮನೆಯೊಳಗೆ ಮುಸುಕು ಹಾಕಿಕೊಂಡು ಬಿದ್ದಿದ್ದಳು. ಅಷ್ಟು ಇಂಜಿನ್‌ಗಳು ತನ್ನನ್ನು ತೊಳೆದು ಹಾಕಲು ಬಂದಿವೆ ಎಂಬುದೇ ಕಿವಿಯಲ್ಲಿ ಗುಡುಗುತ್ತಿತ್ತು. ನಾಚಿಕೆಯಾಯಿತು. ತಾನೇಕೆ ನಾಚಬೇಕು ಎಂದು ಬೈದುಕೊಂಡಳು, ಆದರೂ ನಾಚಿಕೆ ಹೋಗಲಿಲ್ಲ.

ಅಷ್ಟರಲ್ಲಿ ಹೊರಗೆ ಮಹಾನಂದಾಳ ಕೂಗು ಕೇಳಿತು. ಮಹಾನಂದಾ ಅವಳ ದೊಡ್ಡಪ್ಪನ ಮಗಳು, ಕೇರಿಯ ಅಂಗನವಾಡಿ ಟೀಚರ್.

"ಏನಾತಬೇ ಈ ಬೋರಿಂಗಿಗೆ? ಎಷ್ಟು ಒತ್ತಿದ್ರೂ ಹನಿ ಬರವಲ್ದು. ಮುಂಜಾನಿ ಛೊಲೋ ಬರಾಕತ್ತಿತ್ತು!"

ಪಂಚಶೀಲಾ ಎದ್ದು ಕೂತಳು. ಆ ಕಡೆ ಇಂಜಿನ್‌ಗಳ ಸದ್ದು, ಈ ಕಡೆ ಬೋರಿಂಗಿನ ಖಾಲಿ ಹಿಡಿಕೆಯ ಕಿರ್ರೋ ಕಿರ್ರೋ. ಒಂದು ಗಳಿಗೆ ಎರಡನ್ನೂ ಕೇಳಿಸಿಕೊಂಡಳು. ಆಮೇಲೆ ಟೇಪು ಎತ್ತಿಕೊಂಡು ಬರಿಗಾಲಲ್ಲೇ ಓಡಿದಳು.

ಬೋರಿಂಗಿನ ತಲೆ ಬಿಚ್ಚಿ ಟೇಪು ಇಳಿಸಿದರೆ ನೀರು ಎಂದಿನ ಜಾಗದಲ್ಲಿರಲಿಲ್ಲ. ಇಳಿಸಿದಳು, ಮತ್ತೂ ಇಳಿಸಿದಳು, ಕೊನೆಗೆ ಎಲ್ಲೋ ಪಾತಾಳದಲ್ಲಿ ಕುಂಯ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಇನ್ನೂ ಕೆಳಗೆ. ಅವಳು ಓದುತ್ತ ಹೋದಳು, ಮಹಾನಂದಾ ಬರೆಯುತ್ತ ಹೋದಳು. ಮಧ್ಯಾಹ್ನ ಆ ಕಡೆ ಇಂಜಿನ್ ನಿಂತು ಪೂಜಾರಿಯ ಮಂತ್ರ ಶುರುವಾಯಿತು. ಈ ಕಡೆ ಬೋರಿಂಗಿನ ನೀರು ಮೆಲ್ಲಗೆ ಮೇಲೇರತೊಡಗಿತು.

"ಅಕ್ಕಾ, ಗೋಡಿ ಇಲ್ಲ" ಎಂದಳು ಪಂಚಶೀಲಾ. "ಯಾವ ಗೋಡಿನೂ ಇಲ್ಲ. ಅವರದೂ ನಮ್ಮದೂ ಒಂದೇ ನೀರು."

ಕೈಮುಗಿದು ಕೇಳಿದ್ದರೂ ಸಿಗದಿದ್ದ ಪರೀಕ್ಷೆಯನ್ನು ಗೌಡ ತನ್ನ ಡೀಸೆಲ್ ಸುಟ್ಟು ಮಾಡಿಕೊಟ್ಟಿದ್ದ. ಅಕ್ಕತಂಗಿಯರು ಬೋರಿಂಗಿನ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೇರಿಯ ಗಂಡಸರು ಠಾಣೆಗೆ ಹೋಗಿ ಬಂದರು. "ಬಾವಿ ತೊಳಿಸಿದ್ದಕ್ಕ ಕೇಸ್ ಹಾಕಂತೀರೇನ್ರಲೇ? ಸ್ವಚ್ಛ ಮಾಡೋದೂ ಗುನ್ಹೆ ಆತೇನು?" ಎಂದು ಸಾಹೇಬರು ನಕ್ಕು ಕಳಿಸಿದ್ದರು.

ವಿಶ್ವಾರಾಧ್ಯರು ನಗಲಿಲ್ಲ. ಕಲಬುರಗಿಯ ತಮ್ಮ ಕೋಣೆಯಲ್ಲಿ ಥೀಸಿಸಿನ ಹಾಳೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: "'ದಲಿತ ಸಂಶೋಧಕಿಯ ಟೇಪು ತಾಗಿದ ಮೈಲಿಗೆ ಕಳೆಯಲು ಬಾವಿಯನ್ನು ಖಾಲಿ ಮಾಡಲಾಯಿತು. ಅದೇ ಹೊತ್ತಿಗೆ ಕೇರಿಯ ಬೋರಿಂಗಿನಲ್ಲಿ ನೀರು ಇಳಿಯಿತು.' ಏನವಾ ಇದು?"

"ನಡದದ್ದು ಸರ್."

"ಸೈನ್ಸಿನ್ಯಾಗ ಜಾತಿ ತರಬಾರದು."

"ಇಂಜಿನ್ ಹಚ್ಚಿದ್ದೇ ಜಾತಿ ಸರ್. ಪಂಪು ಯಾಕ ಓಡ್ತು ಅಂತ ಬರೀಲಿಲ್ಲಂದ್ರ ಪರೀಕ್ಷೆ ಪೂರಾ ಆಗಂಗಿಲ್ಲ."

ಅವರು ಸಿಟ್ಟಾಗುವ ಪೈಕಿ ಅಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಮೃದುವಾಗಿ ಹೇಳಿದರು: "ನಿಮ್ಮವರಿಗೆ ಸೀಟು ಅದ, ಫೆಲೋಶಿಪ್ ಅದ, ನೌಕರಿನೂ ಅದ. ಇನ್ನೇನು ಕಮ್ಮಿ ಆಗ್ಯದ? ಈ ಪುಟ ತೆಗಿ. ಗೋಡಿ ಇದ್ದಲ್ಲೇ ಇರ್ಲಿ. ಇಂಟರ್ವ್ಯೂನಾಗ ನಾನೇ ಕುಂತಿರ್ತೀನಿ, ನೋಡ್ಕೊಂತೀನಿ."

ಹಾಸ್ಟೆಲಿಗೆ ಬಂದು ಅವಳು ಕಂಪ್ಯೂಟರ್ ತೆರೆದಳು. ನೌಕರಿ ಸಿಕ್ಕರೆ ಅವ್ವ ಯಾರ ಹೊಲಕ್ಕೂ ಹೋಗಬೇಕಿಲ್ಲ. ಒಂದು ಪುಟ ತೆಗೆದರೆ ಯಾರ ಗಂಟೂ ಹೋಗುವುದಿಲ್ಲ. ಕೇರಿಯ ಚೌಕಗಳನ್ನು ಒಂದೊಂದಾಗಿ ಆರಿಸಿದಳು. ಕೊನೆಯದರಲ್ಲಿ ಅವರ ಮನೆಯಿತ್ತು. ಅದೂ ಆರಿ ಬೆಳ್ಳಗಾಯಿತು. ಆ ಬಿಳಿಯನ್ನು ನೋಡುತ್ತ ಕೂತವಳು ಎಲ್ಲವನ್ನೂ ಮತ್ತೆ ಹೊತ್ತಿಸಿದಳು.

ಸೆಮಿನಾರಿನ ದಿನ ಹಾಲ್ ತುಂಬಿತ್ತು. ಹೊರಗಿನ ತಜ್ಞರೂ ಬಂದಿದ್ದರು. ನೀರು ಇಳಿದ ಗೆರೆಯನ್ನು ಪರದೆಯ ಮೇಲೆ ತೋರಿಸಿ ಪಂಚಶೀಲಾ ಆ ಮೈಲಿಗೆಯ ಸಾಲನ್ನು ಒಂದಕ್ಷರ ಬಿಡದೆ ಓದಿದಳು. ಒಬ್ಬರು ಫ್ಯಾನಿನ ಕಡೆ ನೋಡಿದರು, ಒಬ್ಬರು ಕೆಮ್ಮಿದರು. ವಿಶ್ವಾರಾಧ್ಯರು ನಗುನಗುತ್ತ ಎದ್ದು ನಿಂತರು.

"ಒಂದು ಸಲದ ಅಳತೆ ವಿಜ್ಞಾನವಾಗುವುದಿಲ್ಲ. ಅದೇ ಬಾವಿ ಇನ್ನೊಮ್ಮೆ ಖಾಲಿಯಾಗಲಿ, ಅದೇ ಬೋರಿಂಗ್ ಇನ್ನೊಮ್ಮೆ ಇಳಿಯಲಿ. ನನ್ನ ಗೋಡೆಯನ್ನು ನಾನೇ ಕೆಡವಿ ಸಹಿ ಹಾಕುತ್ತೇನೆ. ಎಲ್ಲರೂ ಸಾಕ್ಷಿ."

ಹಾಲಿನ ತುಂಬ ಚಪ್ಪಾಳೆ ಬಿತ್ತು. ಆ ಬಾವಿಗೆ ಇನ್ನೊಮ್ಮೆ ಪಂಪು ಹಚ್ಚಲು ಒಪ್ಪಿಗೆ ಕೊಡುವ ಗಂಡಸು ಕರೆಗುರ್ತಿಯಲ್ಲಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಪಂಚಶೀಲಾಳಿಗೂ ಗೊತ್ತಿತ್ತು.

"ಆಗ್ಲಿ ಸರ್" ಎಂದಳು.

ಊರಿಗೆ ಬಂದು ಒಲೆಯ ಮುಂದೆ ಕೂತು ಅವ್ವನಿಗೆ ಎಲ್ಲವನ್ನೂ ಹೇಳಿದಳು. ಬಾಲಮ್ಮನಿಗೆ ಗೌಡನ ಹೊಲ ತಪ್ಪಿದ ಮೇಲೆ ಬೇರೆ ಯಾರೂ ಕೂಲಿಗೆ ಕರೆದಿರಲಿಲ್ಲ. ರೊಟ್ಟಿ ತಟ್ಟುತ್ತಲೇ ಕೇಳಿದಳು.

"ಬಾವಿ ಖಾಲಿ ಆದ್ರ ನಿನ್ನ ಸಹಿ ಆಗ್ತದ?"

"ಆಗ್ತದ."

"ನಮ್ಮ ಕಡಿ ಬೋರೂ ಆಗ್ತದ?"

"ಇಲ್ಲ ಅನ್ನಾಕ ಅವರ ಹಂತ್ಯಾಕ ಗೋಡಿನೇ ಇರಂಗಿಲ್ಲ."

ಬಾಲಮ್ಮ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿದಳು. ಆಮೇಲೆ ಅವಳ ಮುಖದಲ್ಲಿ ಮಗಳು ಎಂದೂ ಕಾಣದ ತುಂಟತನ ಕಂಡಿತು.

"ಯವ್ವಾ, ನಿನ್ನ ಟೇಪಿನ ಚೂರು ತುದಿ ತಾಗಿದ್ದಕ್ಕ ಅಷ್ಟು ಇಂಜಿನ್ ತಂದಾನಲ್ಲ ಆ ಬಾಡಕಾವ್. ನನ್ನ ಕೊಡ ಬಿದ್ರ ಎಷ್ಟು ತರ್ತಾನ ನೋಡಾಮು."

"ಬಡೀತಾರಬೇ."

"ಬಡದ್ರ ಬಡೀಲಿ. ಇಷ್ಟು ದಿನ ಏನು ಮುದ್ದು ಮಾಡ್ಯಾರೇನು?"

ಬೆಳಗ್ಗೆ ಪಂಚಶೀಲಾ ಗೈಡ್‌ಗೆ ಮೆಸೇಜ್ ಹಾಕಿದಳು: ಸರ್, ಇವತ್ತು ಪರೀಕ್ಷೆ. ಟೇಪನ್ನು ಮಹಾನಂದಾಳ ಕೈಗೆ ಕೊಟ್ಟು ಬೋರಿಂಗಿನ ಬಳಿ ಕೂರಿಸಿ, ತಾನು, ಅವ್ವ ರಾತ್ರಿಯೇ ಮನೆಮನೆಗೆ ಹೋಗಿ ಕರೆದಿದ್ದ ಹೆಂಗಸರ ಜೊತೆ ನಡೆದಳು. ಹಿತ್ತಾಳೆ, ಸ್ಟೀಲು, ಪ್ಲಾಸ್ಟಿಕ್, ಯಾರ ಮನೆಯಲ್ಲಿ ಯಾವ ಕೊಡವಿತ್ತೋ ಅದನ್ನು ಸೊಂಟಕ್ಕೇರಿಸಿ ಕೇರಿಯ ಹೆಂಗಸರೆಲ್ಲ ಊರ ನಡುಬೀದಿಯಲ್ಲಿ ಹೊರಟಿದ್ದರು. ಜನ ಬಾಗಿಲಿಗೆ ಬಂದು ನಿಂತರು. ಬಾವಿಯಲ್ಲಿ ಸೇದುತ್ತಿದ್ದವರು ಕೊಡ ಬಿಟ್ಟು ಹಿಂದೆ ಸರಿದರು.

ಬಾಲಮ್ಮ ಕಟ್ಟೆ ಹತ್ತಿದಳು. ಬಾವಿಯ ಗಾಲಿಗೆ ಹಗ್ಗ ಹೇಗೆ ಹಾಕುವುದೆಂದು ಅವಳಿಗೆ ಗೊತ್ತಾಗಲಿಲ್ಲ, ಯಾರು ಕಲಿಸಿದ್ದರು? ಹಗ್ಗವನ್ನು ಕೈಯಲ್ಲೇ ಹಿಡಿದು ಕೊಡ ಇಳಿಬಿಟ್ಟಳು. ಅದು ನೀರಿಗೆ ಬಿದ್ದ ಸದ್ದು ಗುಡಿಯವರೆಗೂ ಕೇಳಿಸಿತು.

"ಹಲ್ಕಟ್ ರಂಡೇರಾ! ಕಾಲು ಮುರೀತೀನಿ ಒಬ್ಬೊಬ್ಬರ್ದು!" ಸೂಗನಗೌಡ ಬಂದ. ಅವನ ಹಿಂದೆ ಬಡಿಗೆ ಹಿಡಿದವರು ಬಂದರು. "ಏ, ಇಂಜಿನ್ ತರ್ರಿ! ಮೊದಲ ಬಾವಿ..."

ಅವನ ಜೇಬಿನ ಫೋನ್ ಬಾಯಿ ಮಾಡಿತು. ಹೆಸರು ನೋಡಿ ಕಿವಿಗೆ ಹಚ್ಚಿದ.

"ಹಾಂ ಪ್ರೊಫೆಸರ್ ಸರ್... ಹೌದ್ರಿ, ಕೊಡಾನೇ ಬಿಟ್ಟಾರ್ರಿ. ಏನ್ರಿ? ಇಂಜಿನ್ ಹಚ್ಚಬಾರ್ದಾ? ತೊಳಿಸಬಾರ್ದಾ? ಅದ್ಹ್ಯಾಂಗ್ರಿ ಸರ್? ದೇವ್ರ ಬಾವಿ ಅದ..."

ಪೂಜಾರಿ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಗೌಡ್ರ, ಅಭಿಷೇಕದ ಹೊತ್ತಾತು. ಇಂಜಿನ್ ತರಸ್ಲೇನ್ರಿ?"

ಗೌಡ ಪೂಜಾರಿಗೆ ತಡೆ ಎಂದು ಕೈ ತೋರಿಸಿದ. ಫೋನ್ ಕಿವಿಯಲ್ಲೇ ಇತ್ತು. ಬಡಿಗೆಯವರು ಅವನ ಮುಖ ನೋಡುತ್ತ ನಿಂತರು.

ಬಾಲಮ್ಮ ಕೊಡ ಸೇದಿ ಕಟ್ಟೆಯ ಮೇಲಿಟ್ಟಳು. ಬಗ್ಗಿಸಿಕೊಂಡು ಗಟಗಟ ಕುಡಿದು, ಸೆರಗಿನಿಂದ ಗದ್ದ ಒರೆಸಿಕೊಂಡಳು.

"ಲಗು ಹೇಳ್ರಿ ಗೌಡ್ರ. ತೊಳಸೋದಿದ್ರ ಇಂಜಿನ್ ತರಸ್ರಿ, ನನ್ನ ಮಗಳ ಪರೀಕ್ಷೆ ಆಗ್ತದ. ತೊಳಸಂಗಿಲ್ಲಂದ್ರ ಅದೂ ಛೊಲೋನೇ ಆತು, ನಾಳಿಂದ ದಿನಾ ಇಲ್ಲೇ ನೀರಿಗೆ ಬರ್ತೇವು."

ಹಿಂದೆ ನಿಂತಿದ್ದವಳು ಆಗಲೇ ತನ್ನ ಕೊಡದ ಕುತ್ತಿಗೆಗೆ ಹಗ್ಗ ಬಿಗಿಯುತ್ತಿದ್ದಳು.

"ಸರಿಯಬೇ ಯಕ್ಕಾ" ಎಂದಳು, "ನನ್ನ ಪಾಳಿ."