ಒಗೆಯದ ಹೊದಿಕೆ

ಬಡಗಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಅವನ ನಾಯಿ ಮೊಂಡ ಈಗ ಮಂಚದ ಮೇಲೆ ಅವನ ಜಾಗದಲ್ಲೇ, ಅವನ ಹೊದಿಕೆಯ ಮೇಲೇ ಮಲಗುತ್ತಿತ್ತು. ಬಾಲ ಮೋಟು ಅಂತ ಆ ಹೆಸರಿಟ್ಟವನೂ ಅವನೇ.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ಈಚೆಗೆ ಅವಳ ಕಣಕಾಲಿನ ಸುತ್ತ ಕೆಂಪು ಗಂಧೆಗಳೆದ್ದು, ಮೆಷಿನ್ ತುಳಿಯುವಾಗ ತುರಿಕೆ ಪ್ರಾಣ ತಿನ್ನುತ್ತಿತ್ತು. ಚಿಗಟ ಕಚ್ಚಿದ್ದೆಂದು ಅವಳಿಗೆ ಗೊತ್ತಿತ್ತು. ಜೊತೆಗಿದ್ದ ಮಗಳು ನರ್ಸ್. ಚೊಕ್ಕಟದ ವಿಷಯದಲ್ಲಿ ಹೆತ್ತ ಅಪ್ಪನನ್ನೂ ಬಿಟ್ಟವಳಲ್ಲ. ತಿಳಿದರೆ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಟ್ಟಾಳೆಂದು ತಾಯಿಗೆ ಭಯ. ಕದ್ದುಮುಚ್ಚಿ ಕಾಲಿಗೆ ಸೋಪು ಹಚ್ಚಿ ತೊಳೆದು, ತಣ್ಣೀರುಬಟ್ಟೆ ಕಟ್ಟಿ, ಸೆಕೆಯಲ್ಲೂ ಕಾಲುಚೀಲ ಏರಿಸಿಕೊಂಡು ಓಡಾಡುತ್ತಿದ್ದಳು. ಮೊಂಡನಿಗೂ ವಾರಕ್ಕೊಮ್ಮೆ ಔಷಧಿಯ ಸ್ನಾನ. ಚಿಗಟಗಳು ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಕೆರೆದ ಜಾಗ ಹುಣ್ಣಾಗಿ ಕಾಲುಚೀಲಕ್ಕೆ ರಕ್ತ ಅಂಟಿದ್ದು ಮಗಳ ಕಣ್ಣಿಗೆ ಬಿತ್ತು.

"ಏನಮ್ಮ ಇದು? ಕೊಡು ಕಾಲು."

ನೆಲದ ಮೇಲೆ ಕೂತು ಹುಣ್ಣು ತೊಳೆದು ಮುಲಾಮು ಹಚ್ಚಿದಳು.

"ನಾಯೀನ ಕಳಿಸ್ಬೇಡ ಕಣೇ. ವಾರ ವಾರ ತೊಳೀತಿದ್ದೀನಿ."

"ಅದನ್ಯಾಕೆ ಕಳಿಸ್ಲಿ? ತೊಳೆದ್ಮೇಲೆ ಮತ್ತೆ ಎಲ್ಲಿ ಮಲಗಿಸ್ತೀಯ ಹೇಳು. ಆ ಹೊದಿಕೆ ಒಗೆದು ಎಷ್ಟು ದಿನ ಆಯ್ತು?"

"ಎಂಟು ತಿಂಗಳು."

ಮನೆಯ ಬಟ್ಟೆಯನ್ನೆಲ್ಲ ಒಗೆಯುತ್ತಿದ್ದ ತಾಯಿ ಅದೊಂದನ್ನು ನೀರಿಗೆ ತೋರಿಸಿರಲೇ ಇಲ್ಲ.

"ಅದ್ರಲ್ಲಿ ನಿಮ್ಮಪ್ಪನ ವಾಸನೆ ಇದೆ ಕಣೇ. ಆ ಮರದ ಪುಡಿ, ವಾರ್ನಿಷು... ಬಿಸಿನೀರಿಗೆ ಹಾಕಿದ್ರೆ ಅದೂ ಹೋಗ್ಬಿಡುತ್ತೆ."

ಮಗಳು ಬೈಯಲಿಲ್ಲ. "ನಾನು ಒಗೀಲಾ ಅಮ್ಮ?"

"ಬೇಡ. ಅವರ ಬಟ್ಟೆ ನಾನೇ ಒಗೀಬೇಕು."

ನೀರು ಕಾಯುವವರೆಗೆ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೊನೆಯ ಸಲ ಎಂದು ಮುಖ ಹುದುಗಿಸಿ ಉಸಿರೆಳೆದಳು. ಬರೀ ನಾಯಿಯ ವಾಸನೆ. ಮಡಿಕೆ ಬಿಚ್ಚಿ, ಅಂಚಿಗೆ, ನಡುವಿಗೆ, ನಾಲ್ಕೂ ಮೂಲೆಗೆ ಮೂಗಿಟ್ಟು ಹುಡುಕಿದಳು. ಎಲ್ಲೂ ಅವನಿರಲಿಲ್ಲ. ಯಾವತ್ತು ಹೋಗಿದ್ದನೋ, ಇಷ್ಟು ದಿನ ಮಗ್ಗುಲಲ್ಲೇ ಮಲಗಿದವಳಿಗೆ ತಿಳಿದೇ ಇರಲಿಲ್ಲ. ಅವನು ಸತ್ತ ದಿನ ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡಿದ್ದ ಹೆಂಗಸು ಈಗ ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಓಡಿಬಂದು ಭುಜ ಹಿಡಿದಳು. "ಏನಾಯ್ತಮ್ಮ?"

"ನಿಮ್ಮಪ್ಪ ಹೋಗ್ಬಿಟ್ರು ಕಣೇ," ಎಂದಳು ತಾಯಿ, ಆಗಷ್ಟೇ ಸುದ್ದಿ ತಿಳಿದವಳಂತೆ.