ಗಾಗಲ್ಸ್ ಬಿಟ್ಟ ಗುರುತು

ಸೋಮವಾರ ಬೆಳಿಗ್ಗೆ ಕಾಫಿ ಕೊಡುವಾಗ ಗಗನಾಳ ಕಣ್ಣು ಮೈದುನ ಮಿಹಿರನ ಮುಖದಲ್ಲೇ ನೆಟ್ಟಿತು. ಗಾಗಲ್ಸ್ ಕೂತಿದ್ದಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಕೆನ್ನೆ, ಮೂಗು ಬಿಸಿಲಿಗೆ ಸುಟ್ಟು ಕಪ್ಪಾಗಿದ್ದವು.

ಮೂರು ದಿನದ ವೀಕೆಂಡ್‌ನಲ್ಲಿ ಶಿಕಾಗೋ ಪಕ್ಕದ ಶಾಮ್‌ಬರ್ಗ್‌ಗೆ ಹೋಗಿ, ಅಲ್ಲಿನ ಗೆಳೆಯನ ಜೊತೆ ಹತ್ತಿರದ ಪುಟ್ಟ ಗುಡ್ಡದಲ್ಲಿ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಮಾಡಿದೆ ಎಂದಿದ್ದ. ಎರಡು ವರ್ಷದ ಹಿಂದೆ ಅವಳ ಗಂಡ ದಿನೇಶ ಕೊಲೊರಾಡೊದ ದೊಡ್ಡ ಬೆಟ್ಟದಲ್ಲಿ ಹಾಗೇ ಜಾರುವಾಗ ಬಿದ್ದು ತೀರಿಕೊಂಡಾಗ, ಇಂಥ ಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಹೋಗುವುದಿಲ್ಲವೆಂದು ಮಿಹಿರ್ ಅವಳಿಗೆ ಮಾತು ಕೊಟ್ಟಿದ್ದ.

"ಶಿಕಾಗೋದಲ್ಲಿ ಬಿಸಿಲಿತ್ತೇನೋ?"

"ಎಲ್ಲಿ ಬಿಸಿಲು ಅತ್ತಿಗೆ, ಮೂರು ದಿನಾನೂ ಮೋಡ."

"ಮತ್ತೆ ಮುಖ ಯಾವ ಒಲೆ ಮುಂದೆ ಸುಟ್ಕೊಂಡೆ?"

ಮಿಹಿರ್ ಲೋಟ ಕೆಳಗಿಟ್ಟ. "ಅಣ್ಣ ಬಿದ್ದ ಜಾಗ ನೋಡ್ಬೇಕು ಅನ್ನಿಸ್ತು. ನೋಡ್ದೆ, ಅಷ್ಟೆ. ಬೋರ್ಡ್ ಕಾಲಿಗೆ ಹಾಕ್ಲೇ ಇಲ್ಲ, ಮೇಲೆ ಹೋದ ಕೇಬಲ್ ಕುರ್ಚಿ ಲಿಫ್ಟಲ್ಲೇ ಕೆಳಗೆ ಬಂದೆ."

ಗಗನಾ ಗರಾಜಿಗೆ ಹೋಗಿ ಅವನ ಬೋರ್ಡನ್ನು ಮಗುಚಿದಳು. ಅಡಿಯಲ್ಲಿ ಕಲ್ಲು ಗೀಚಿದ ಹೊಸ ಗೆರೆಗಳಿದ್ದವು. ಅದನ್ನು ದಿನೇಶನ ಬೋರ್ಡಿದ್ದ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡಳು.